ಶ್ರೀ ಸುಕುಮಾರ್ ಸೇನ್: ಭಾರತದ ಮೊದಲ ಮುಖ್ಯ ಚುನಾವಣಾ ಆಯುಕ್ತರು

ಮತದಾರರ ಪಟ್ಟಿಯಲ್ಲಿ ಹೆಸರು ಸೇರ್ಪಡೆ, ತಿದ್ದುಪಡಿ ಹಾಗೂ ವಿಳಾಸ ಬದಲಾವಣೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಸಾಮಾನ್ಯವಾಗಿ ಎರಡು ಬಗೆಯ ಆಕ್ಷೇಪಣೆಗಳನ್ನು ಎತ್ತುತ್ತಾರೆ. ತಮ್ಮ ಹೆಸರು ಸೇರಿಸಲು ಇಷ್ಟೊಂದು ವಿವರ ಏಕೆ ಬೇಕು ಎಂಬುದು ಮೊದಲನೆಯದು. ಪಕ್ಕದ ಮನೆಯಲ್ಲಿ ವಾಸವಿಲ್ಲದವರ ಹೆಸರನ್ನು ಇನ್ನೂ ಏಕೆ ತೆಗೆದುಹಾಕಿಲ್ಲ ಎಂಬುದು ಎರಡನೆಯದು. ಎರಡೂ ಆಕ್ಷೇಪಣೆಗಳನ್ನು ಒಬ್ಬರೇ ನಾಗರಿಕರು ಒಂದೇ ಭೇಟಿಯಲ್ಲಿ ಎತ್ತುವುದೂ ಉಂಟು. ಇವೆರಡಕ್ಕೂ ಏಕಕಾಲದಲ್ಲಿ ಉತ್ತರ ಕೊಡಬೇಕಾಗಿ ಬಂದ ಮೊದಲ ಅಧಿಕಾರಿ ಶ್ರೀ ಸುಕುಮಾರ್ ಸೇನ್ ರವರು. ಅವರ ಜೀವನ ಹಾಗೂ ಕಾರ್ಯದ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಆರಂಭಿಕ ಜೀವನ

ಶ್ರೀ ಸೇನ್ ರವರು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಬಂಗಾಳದ ಕುಟುಂಬವೊಂದರಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಹಾಗೂ ಲಂಡನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದ ಅವರು ಗಣಿತದಲ್ಲಿ ಚಿನ್ನದ ಪದಕ ಪಡೆದವರು. 1920ರ ದಶಕದ ಆರಂಭದಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಸೇರಿ, ಬಂಗಾಳದ ವಿವಿಧ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ಸೇವೆ ಸಲ್ಲಿಸಿದರು. ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳ ಸರ್ಕಾರದ ಮುಖ್ಯ ಕಾರ್ಯದರ್ಶಿಯಾದರು. ಮುಂದೆ ಕೇಂದ್ರ ಕಾನೂನು ಸಚಿವರಾದ ಶ್ರೀ ಅಶೋಕ್ ಕುಮಾರ್ ಸೇನ್ ರವರು ಇವರ ಸೋದರರು.

ಭಾರತ ಚುನಾವಣಾ ಆಯೋಗವು 1950ರ ಜನವರಿ 25ರಂದು, ಅಂದರೆ ದೇಶವು ಗಣರಾಜ್ಯವಾಗುವ ಹಿಂದಿನ ದಿನ ಸ್ಥಾಪನೆಗೊಂಡಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಶ್ರೀ ಸೇನ್ ರವರನ್ನು ಮುಖ್ಯ ಚುನಾವಣಾ ಆಯುಕ್ತರನ್ನಾಗಿ ನೇಮಿಸಲಾಯಿತು. ಅವರು ಅಧಿಕಾರ ವಹಿಸಿಕೊಂಡಾಗ ಚುನಾವಣೆ ನಡೆಸುವುದಕ್ಕೆ ಬೇಕಾದ ಕಾನೂನುಗಳೇ ಇನ್ನೂ ಜಾರಿಗೆ ಬಂದಿರಲಿಲ್ಲ. ಮತದಾರರ ಪಟ್ಟಿಗೆ ಸಂಬಂಧಿಸಿದ ಪ್ರಜಾಪ್ರಾತಿನಿಧ್ಯ ಅಧಿನಿಯಮವು 1950ರ ಮೇ ತಿಂಗಳಲ್ಲಿಯೂ, ಚುನಾವಣೆ ನಡೆಸುವ ವಿಧಾನಕ್ಕೆ ಸಂಬಂಧಿಸಿದ ಎರಡನೆಯ ಅಧಿನಿಯಮವು 1951ರ ಜುಲೈ ತಿಂಗಳಲ್ಲಿಯೂ ಜಾರಿಗೆ ಬಂದವು. ಪ್ರಧಾನಮಂತ್ರಿ ಶ್ರೀ ಜವಾಹರಲಾಲ್ ನೆಹರೂ ರವರು 1951ರ ಮೊದಲ ತಿಂಗಳುಗಳಲ್ಲಿಯೇ ಚುನಾವಣೆ ಮುಗಿಯಬೇಕೆಂದು ಅಪೇಕ್ಷಿಸಿದ್ದರು. ಅದು ಸಾಧ್ಯವಿಲ್ಲವೆಂದು ಶ್ರೀ ಸೇನ್ ರವರು ತಿಳಿಸಿದರು ಮತ್ತು ಸರ್ಕಾರವು ಕಾಯ್ದಿತು. ಈಗ ಇದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ಕಚೇರಿಯ ಕೆಲಸ ಬಲ್ಲವರಿಗೆ, ಪ್ರಧಾನಮಂತ್ರಿಯವರ ಅಪೇಕ್ಷೆಗೆ ಹೊಸದಾಗಿ ನೇಮಕಗೊಂಡ ಅಧಿಕಾರಿಯೊಬ್ಬರು ಆಗದೆಂದು ಉತ್ತರಿಸುವುದು ಎಷ್ಟು ಕಠಿಣವೆಂಬುದನ್ನು ವಿವರಿಸಬೇಕಾಗಿಲ್ಲ.

ಮತದಾರರ ಪಟ್ಟಿಯ ತಯಾರಿಕೆ

ಬ್ರಿಟಿಷರ ಆಡಳಿತದಲ್ಲಿ ಮತದಾನದ ಹಕ್ಕು ಆಸ್ತಿ, ತೆರಿಗೆ ಹಾಗೂ ವಿದ್ಯೆಯ ಅರ್ಹತೆಯುಳ್ಳವರಿಗೆ ಮಾತ್ರ ಇತ್ತು. ಸಂವಿಧಾನದ 326ನೇ ಅನುಚ್ಛೇದವು ಈ ಎಲ್ಲ ಅರ್ಹತೆಗಳನ್ನು ಬದಿಗಿರಿಸಿ, 21 ವರ್ಷ ತುಂಬಿದ ಪ್ರತಿಯೊಬ್ಬ ನಾಗರಿಕರಿಗೂ ಮತದಾನದ ಹಕ್ಕನ್ನು ನೀಡಿತು. (ಈ ವಯೋಮಿತಿಯನ್ನು 1989ರಲ್ಲಿ 18 ವರ್ಷಕ್ಕೆ ಇಳಿಸಲಾಯಿತು.) ಜಮ್ಮು ಮತ್ತು ಕಾಶ್ಮೀರವನ್ನು ಹೊರತುಪಡಿಸಿ ಮೊದಲ ಪಟ್ಟಿಯಲ್ಲಿ 17 ಕೋಟಿ 32 ಲಕ್ಷಕ್ಕೂ ಹೆಚ್ಚು ಹೆಸರುಗಳು ದಾಖಲಾದವು. ಅರ್ಹರ ಪೈಕಿ ಸುಮಾರು ಶೇಕಡಾ 85ರಷ್ಟು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಇವರಲ್ಲಿ ಬಹುತೇಕರ ಬಳಿ ತಮ್ಮ ಹುಟ್ಟಿದ ದಿನಾಂಕ ತೋರಿಸುವ ಯಾವುದೇ ಕಾಗದ ಇರಲಿಲ್ಲ. ದಾಖಲೆ ತಂದವರನ್ನು ಮಾತ್ರ ಸೇರಿಸುವ ನಿಯಮ ಮಾಡಿದ್ದರೆ ಪಟ್ಟಿಯು ಅತ್ಯಂತ ಶುದ್ಧವಾಗಿರುತ್ತಿತ್ತು, ಆದರೆ ದೇಶದ ಬಹುಪಾಲು ಜನ ಅದರ ಹೊರಗೆ ಉಳಿಯುತ್ತಿದ್ದರು.

ಆದ್ದರಿಂದ ಜನರು ಕಚೇರಿಗೆ ಬರಬೇಕೆಂದು ಕಾಯದೆ, ಗಣತಿದಾರರನ್ನೇ ಮನೆಮನೆಗೆ ಕಳುಹಿಸುವ ಕ್ರಮವನ್ನು ಅನುಸರಿಸಲಾಯಿತು. ಈ ಕಾರ್ಯದ ತಳಪಾಯವನ್ನು ಶ್ರೀ ಸೇನ್ ರವರು ಬರುವುದಕ್ಕೆ ಮುನ್ನವೇ ಸಂವಿಧಾನ ಸಭೆಯ ಸಚಿವಾಲಯವು ಹಾಕಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದವರು ದಕ್ಷಿಣ ಕನ್ನಡ ಜಿಲ್ಲೆಯ ಮೂಲದ ಶ್ರೀ ಬೆನಗಲ್ ನರಸಿಂಗ ರಾವ್ ರವರು. ಅವರ ಉಸ್ತುವಾರಿಯಲ್ಲಿ 1947ರ ಕೊನೆಯಿಂದಲೇ ಕರಡು ಪಟ್ಟಿಯ ಸಿದ್ಧತೆ ಆರಂಭವಾಗಿತ್ತು. ಮತದಾರರಾಗಲು ಒಂದು ಸ್ಥಳದಲ್ಲಿ 180 ದಿನಗಳ ವಾಸ ಅಗತ್ಯವೆಂದು ಆಗ ನಿಗದಿಯಾಯಿತು. ದೇಶ ವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ನಿರಾಶ್ರಿತರಿಗೆ ಈ ಷರತ್ತನ್ನು ಪೂರೈಸುವುದು ಸಾಧ್ಯವಿರಲಿಲ್ಲ. ಅವರು ತಾವಿರುವ ಊರಿನಲ್ಲಿಯೇ ಕಾಯಂ ಆಗಿ ನೆಲೆಸುವುದಾಗಿ ಘೋಷಣೆ ಮಾಡಿದರೆ ಸಾಕು, ಹೆಸರು ಸೇರಿಸಿಕೊಳ್ಳಬೇಕೆಂದು 1948ರಲ್ಲಿ ಸೂಚನೆ ಹೋಯಿತು. ಘೋಷಣೆಯನ್ನು ನಂಬುವುದರಲ್ಲಿ ಅಪಾಯವಿದ್ದೇ ಇತ್ತು. ಆ ಅಪಾಯವನ್ನು ಆಡಳಿತವು ತಿಳಿದೂ ತನ್ನ ಮೇಲೆ ಹಾಕಿಕೊಂಡಿತು.

ಪಟ್ಟಿಗಳನ್ನು ಬೆರಳಚ್ಚು ಮಾಡಿ ಹೊಂದಿಸಲು 16,500 ಗುಮಾಸ್ತರನ್ನು ಆರು ತಿಂಗಳ ಗುತ್ತಿಗೆಯ ಮೇಲೆ ನೇಮಿಸಿಕೊಳ್ಳಲಾಯಿತು. ಮುದ್ರಣಕ್ಕೆ ಸುಮಾರು 3,80,000 ರೀಮು ಕಾಗದ ಬೇಕಾಯಿತು.

ಹೆಸರು ಹೇಳದ 28 ಲಕ್ಷ ಮಹಿಳೆಯರು

ಶ್ರೀ ಸೇನ್ ರವರ ಸೇವಾವಧಿಯಲ್ಲಿ ಅತ್ಯಂತ ಕಠಿಣವಾದ ನಿರ್ಣಯವು ಈ ಪಟ್ಟಿಗೆ ಸಂಬಂಧಿಸಿದ್ದು. ಇದನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಅವಶ್ಯಕ.

ಗಣತಿದಾರರು ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ ಮತ್ತು ವಿಂಧ್ಯ ಪ್ರದೇಶಗಳ ಹಳ್ಳಿಗಳಲ್ಲಿ ಮನೆಬಾಗಿಲಿಗೆ ಹೋದಾಗ ಅನೇಕ ಮಹಿಳೆಯರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಪರಪುರುಷನ ಮುಂದೆ ಹೆಣ್ಣುಮಗಳು ತನ್ನ ಹೆಸರನ್ನು ಹೇಳಬಾರದೆಂಬುದು ಅಲ್ಲಿನ ರೂಢಿಯಾಗಿತ್ತು. ಬಂದವರು ಇಂಥವನ ತಾಯಿ ಎಂದೋ, ಇಂಥವನ ಹೆಂಡತಿ ಎಂದೋ ಬರೆದುಕೊಂಡು ಮುಂದೆ ನಡೆದರು. ನಮ್ಮ ನಾಡಿನ ಓದುಗರಿಗೆ ಇದು ತೀರಾ ಅಪರಿಚಿತವಲ್ಲ. ಇಲ್ಲಿ ಗಂಡನ ಹೆಸರು ಹೇಳಲು ನಾಚಿ, ಮದುವೆ ಮನೆಯಲ್ಲಿ ಒಡಪು ಕಟ್ಟಿ ಸುತ್ತುಬಳಸಿ ಹೇಳುವ ಪದ್ಧತಿಯನ್ನು ಹಿರಿಯರೆಲ್ಲರೂ ಬಲ್ಲರು. ಅಲ್ಲಿಯ ಸಂಕೋಚ ತಮ್ಮದೇ ಹೆಸರಿನ ಬಗ್ಗೆ, ಅಷ್ಟೇ ವ್ಯತ್ಯಾಸ. ಒಡಪಿಗೆ ಗಣತಿಯ ಪುಸ್ತಕದಲ್ಲಿ ಅಂಕಣವಿರುವುದಿಲ್ಲ.

ವಿಷಯವು ಆಯೋಗದ ಗಮನಕ್ಕೆ ಬಂದಾಗ ಶ್ರೀ ಸೇನ್ ರವರು, ಹೆಸರಿಲ್ಲದ ದಾಖಲೆಯು ಮತದಾರರ ದಾಖಲೆಯೇ ಅಲ್ಲವೆಂದು ತೀರ್ಮಾನಿಸಿದರು. ಮಹಿಳೆಯರ ಸ್ವಂತ ಹೆಸರನ್ನು ಪಡೆದು ತಿದ್ದುಪಡಿ ಮಾಡಬೇಕೆಂದೂ, ಹೆಸರು ದೊರೆಯದಿದ್ದಲ್ಲಿ ಅಂತಹ ದಾಖಲೆಯನ್ನು ತೆಗೆದುಹಾಕಬೇಕೆಂದೂ ನಿರ್ದೇಶನ ನೀಡಲಾಯಿತು. ತಿದ್ದುಪಡಿಗಾಗಿ ಬಿಹಾರಕ್ಕೆ ಒಂದು ತಿಂಗಳ ಹೆಚ್ಚುವರಿ ಕಾಲಾವಕಾಶ ನೀಡಲಾಯಿತು. ಅಲ್ಲಿ ಅದು ಬಹುಮಟ್ಟಿಗೆ ಫಲಕೊಟ್ಟಿತು. ರಾಜಸ್ಥಾನದಲ್ಲಿ ಅಂತಹ ಸ್ಪಂದನೆ ದೊರೆಯಲಿಲ್ಲ. ಕೊನೆಗೆ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರ ಪೈಕಿ ಹತ್ತಿರ ಹತ್ತಿರ 28 ಲಕ್ಷ ಮಂದಿಯ ದಾಖಲೆಗಳು ಪಟ್ಟಿಯಿಂದ ಹೊರಬಿದ್ದವು. ಅಂದರೆ ಪ್ರತಿ 100 ಮಹಿಳೆಯರಲ್ಲಿ ಮೂವರಿಗೂ ಹೆಚ್ಚು. ಈ ಲೆಕ್ಕ ಇಡೀ ದೇಶದ್ದು. ಆದರೆ ಹೆಸರು ಕಳೆದುಕೊಂಡವರು ಬಹುತೇಕ ಕೆಲವೇ ರಾಜ್ಯಗಳವರಾದುದರಿಂದ ಅಲ್ಲಿನ ಹಳ್ಳಿಗಳಲ್ಲಿ ಪ್ರಮಾಣವು ಇದಕ್ಕಿಂತ ಎಷ್ಟೋ ಹೆಚ್ಚಾಗಿದ್ದಿರಬೇಕು.

ಆಗ ಇದರ ಬಗ್ಗೆ ಟೀಕೆ ಬಂದಿತು. ಶ್ರೀ ಸೇನ್ ರವರು ಹಿಂಜರಿಯಲಿಲ್ಲ. ಹೆಸರು ಬಿಟ್ಟುಹೋದುದರಿಂದ ಒಳ್ಳೆಯದೇ ಆಗುವುದೆಂದೂ, ಮುಂದಿನ ಚುನಾವಣೆಯ ವೇಳೆಗೆ ಈ ರೂಢಿ ಮಾಯವಾಗುವುದೆಂದೂ ಅವರು ಭಾವಿಸಿದ್ದರು.

ನಿರ್ಣಯದ ಪರವಾಗಿ ಹೇಳಬಹುದಾದ ಕಾರಣ ಬಲವಾದದ್ದೇ. ಇಂಥವನ ಹೆಂಡತಿ ಎಂದಷ್ಟೇ ಬರೆದ ಸಾಲಿನ ಮೇಲೆ ಯಾವ ಮಹಿಳೆಯಾದರೂ ಬಂದು ಮತ ಹಾಕಿದರೆ ಮತಗಟ್ಟೆಯ ಅಧಿಕಾರಿ ಏನೆಂದು ಪ್ರಶ್ನಿಸಬೇಕು? ಮೋಸದಿಂದ ಮೊದಲು ಹಾನಿಯಾಗುವುದು ಆ ಮಹಿಳೆಗೇ. ತನ್ನ ಮತವನ್ನು ಬೇರೊಬ್ಬರು ಹಾಕಿಹೋಗಿದ್ದಾರೆಂದು ದೂರು ಕೊಡಲು ಹೋದರೆ, ಆ ಸಾಲು ತನ್ನದೇ ಎಂದು ರುಜುವಾತು ಮಾಡುವ ದಾರಿ ಅವಳಿಗೆ ಇರುವುದಿಲ್ಲ. ಬಹುಕಾಲ ನ್ಯಾಯಾಧೀಶರಾಗಿದ್ದ ವ್ಯಕ್ತಿಗೆ, ಹೆಸರಿಲ್ಲದ ಕಕ್ಷಿದಾರರಿಗೆ ಹಕ್ಕು ದೊರಕಿಸುವುದು ಅಸಾಧ್ಯವೆಂಬುದು ಅನುಭವದಿಂದಲೇ ತಿಳಿದಿದ್ದಿರಬೇಕು.

ಆದರೂ ಖಾತೆಯ ಇನ್ನೊಂದು ಬದಿಯನ್ನು ತುಂಬದೆ ಲೆಕ್ಕ ಮುಗಿಸಲಾಗದು. ಆ ಮಹಿಳೆಯರು ಭಾರತದ ನಾಗರಿಕರೇ ಅಲ್ಲವೆಂದು ಯಾರೂ ಹೇಳಲಿಲ್ಲ. ಅವರ ವಯಸ್ಸಿನ ಬಗ್ಗೆ, ವಾಸದ ಬಗ್ಗೆ ಯಾವ ಸಂದೇಹವೂ ಇರಲಿಲ್ಲ. ಧರ್ಮ, ಜನಾಂಗ, ಜಾತಿ ಅಥವಾ ಲಿಂಗದ ಕಾರಣದಿಂದ ಯಾರನ್ನೂ ಪಟ್ಟಿಯಿಂದ ಹೊರಗಿಡಬಾರದೆಂದು ಸಂವಿಧಾನದ 325ನೇ ಅನುಚ್ಛೇದ ಹೇಳುತ್ತದೆ. ಆಯೋಗವು ಲಿಂಗದ ಕಾರಣ ನೀಡಲಿಲ್ಲ, ನಿಜ. ಆದರೆ ನಿಯಮದ ಹೊಡೆತ ಬಿದ್ದದ್ದು ಒಂದು ಲಿಂಗದವರ ಮೇಲೆ ಮಾತ್ರ. ತಪ್ಪು ಹೆಸರು ಕೇಳದೆ ಬರೆದುಕೊಂಡ ಗಣತಿದಾರನದ್ದೋ, ಹೆಸರು ಹೇಳಗೊಡದ ಮನೆಯವರದ್ದೋ ಆಗಿದ್ದಿರಬಹುದು. ಮತ ಕಳೆದುಕೊಂಡವಳು ಮಾತ್ರ ಬಾಗಿಲ ಹಿಂದೆ ನಿಂತಿದ್ದವಳು.

ಹೆಸರು ಕೇಳಿದ್ದು ಸರಿ, ಆದರೆ ಕೇಳಿದ ರೀತಿ ಸರಿಯಿರಲಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಬಿಹಾರದಲ್ಲಿ ಒಂದು ತಿಂಗಳ ಕಾಲಾವಕಾಶದಲ್ಲಿ ಕೆಲಸ ಆಯಿತೆಂದರೆ, ರೂಢಿಯು ಅಲುಗಾಡದಂತಹ ಗೋಡೆಯೇನೂ ಆಗಿರಲಿಲ್ಲ. ಹೆಣ್ಣುಮಕ್ಕಳ ಹೆಸರು ಕೇಳಲು ಹೆಣ್ಣುಮಕ್ಕಳನ್ನೇ ಕಳುಹಿಸಿದ್ದರೆ ಎಷ್ಟೋ ಮನೆಗಳಲ್ಲಿ ಉತ್ತರ ಸಿಗುತ್ತಿತ್ತು. ಹಾಗೆ ಕಳುಹಿಸಲು ಅಕ್ಷರ ಬಲ್ಲ ಮಹಿಳೆಯರು ಆ ಹಳ್ಳಿಗಳಲ್ಲಿ 1951ರಲ್ಲಿ ಎಷ್ಟು ಮಂದಿ ಇದ್ದರು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಪೆಟ್ಟಿಗೆ, ಚಿಹ್ನೆ ಮತ್ತು ಶಾಯಿ

ಮೇಲಿನ ಒಂದು ನಿರ್ಣಯವನ್ನು ಬಿಟ್ಟರೆ ಶ್ರೀ ಸೇನ್ ರವರು ಕೈಗೊಂಡ ಭದ್ರತಾ ಕ್ರಮಗಳಲ್ಲಿ ಒಂದು ವಿಶೇಷವನ್ನು ಕಾಣಬಹುದು. ಅವುಗಳ ಖರ್ಚು ಹಾಗೂ ಶ್ರಮ ಬಿದ್ದದ್ದು ಸರ್ಕಾರದ ಮೇಲೆ. ಮತದಾರನು ಮತಗಟ್ಟೆಗೆ ಬರುವ ಮುನ್ನ ಏನನ್ನೂ ಸಂಪಾದಿಸಿ ತರಬೇಕಾಗಿರಲಿಲ್ಲ.

ಓದು ಬಾರದ ಮತದಾರರು ಅಭ್ಯರ್ಥಿಯ ಹೆಸರು ಓದಿ ಗುರುತು ಹಾಕಲಾರರೆಂದು, ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆ ಇಡಲಾಯಿತು. ಪೆಟ್ಟಿಗೆಯ ಮೇಲೆ ಜೋಡಿ ಎತ್ತು, ಗುಡಿಸಲು, ಆನೆ, ಹಣತೆ ಮುಂತಾದ ನಿತ್ಯದ ಬದುಕಿನ ಚಿಹ್ನೆಗಳು ಇರುತ್ತಿದ್ದವು. ಮತದಾರರು ಮರೆಯಲ್ಲಿ ಇಟ್ಟಿದ್ದ ಪೆಟ್ಟಿಗೆಗಳ ಬಳಿಗೆ ಹೋಗಿ, ತಮಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯೊಳಗೆ ಮತಪತ್ರವನ್ನು ಹಾಕಿದರೆ ಸಾಕಾಗಿತ್ತು. ಇದಕ್ಕಾಗಿ 20 ಲಕ್ಷಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆಗಳನ್ನು ಮಾಡಿಸಬೇಕಾಯಿತು. ಸುಮಾರು 8,200 ಟನ್ ಉಕ್ಕು ಬಳಕೆಯಾಯಿತು. ಮುಂಬಯಿಯ ವಿಕ್ರೋಲಿಯಲ್ಲಿರುವ ಗೋದ್ರೆಜ್ ಕಾರ್ಖಾನೆಯೊಂದೇ 12 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ತಯಾರಿಸಿಕೊಟ್ಟಿತು.

ಈ ಪದ್ಧತಿಯಲ್ಲಿ ಲೋಪವೂ ಇತ್ತು. ಮರೆಯಲ್ಲಿ ಹೋದ ಮತದಾರನು ಪತ್ರವನ್ನು ಪೆಟ್ಟಿಗೆಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ಹೊರಬಂದು ಮಾರಿಬಿಡಬಹುದಾಗಿತ್ತು. ಕೊಂಡವನು ತನ್ನವರೊಬ್ಬರ ಕೈಯಲ್ಲಿ ಅಂತಹ ಹಲವು ಪತ್ರಗಳನ್ನು ಒಟ್ಟಿಗೆ ಹಾಕಿಸಬಹುದಾಗಿತ್ತು. ಶ್ರೀ ಸೇನ್ ರವರ ನಂತರ, 1962ರ ಮಹಾಚುನಾವಣೆಯ ವೇಳೆಗೆ ಎಲ್ಲ ಅಭ್ಯರ್ಥಿಗಳ ಚಿಹ್ನೆಗಳನ್ನು ಒಂದೇ ಮತಪತ್ರದಲ್ಲಿ ಮುದ್ರಿಸಿ ಮುದ್ರೆ ಒತ್ತಿಸುವ ಪದ್ಧತಿಯು ಬಳಕೆಗೆ ಬಂದಿತು.

ಒಬ್ಬರೇ ಎರಡು ಸಲ ಮತ ಹಾಕುವುದನ್ನು ತಡೆಯುವುದು ಇನ್ನೊಂದು ಸಮಸ್ಯೆಯಾಗಿತ್ತು. ಆಗ ಭಾವಚಿತ್ರವಿರುವ ಗುರುತಿನ ಚೀಟಿ ಇರಲಿಲ್ಲ. ಅದನ್ನು ನೀಡುವ ಆದೇಶವಾದದ್ದು 1993ರಲ್ಲಿ, ಶ್ರೀ ಟಿ.ಎನ್. ಶೇಷನ್ ರವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ. 1951ರಲ್ಲಿ ದೊರೆತ ಪರಿಹಾರವೆಂದರೆ ಸುಲಭವಾಗಿ ಅಳಿಸಲಾಗದ ಶಾಯಿ. ಭಾರತೀಯ ವಿಜ್ಞಾನಿಗಳು ಸಿದ್ಧಪಡಿಸಿದ ಈ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮಕ್ಕೆ ತಾಗಿ ಬೆಳಕು ಬಿದ್ದೊಡನೆ ಅದು ಕಪ್ಪಾಗುತ್ತದೆ, ಸೋಪಿನಿಂದ ತೊಳೆದರೂ ಹಲವು ದಿನ ಹೋಗುವುದಿಲ್ಲ. ಮೊದಲ ಮಹಾಚುನಾವಣೆಯಲ್ಲಿ 3,89,816 ಸೀಸೆ ಶಾಯಿ ಬಳಕೆಯಾಯಿತೆಂದು ಲೆಕ್ಕ ಸಿಗುತ್ತದೆ. 1962ರಿಂದ ಈ ಶಾಯಿಯನ್ನು ಪೂರೈಸುತ್ತ ಬಂದಿರುವುದು, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ರವರ ಕಾಲದಲ್ಲಿ ಆರಂಭವಾಗಿ ಮುಂದೆ ಕರ್ನಾಟಕ ಸರ್ಕಾರದ ಉದ್ಯಮವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್.

ಶಾಯಿಯ ಗುಣವನ್ನು ಗಮನಿಸಬೇಕು. ಅದು ಮತದಾರನನ್ನು ಬಾಗಿಲಲ್ಲಿ ತಡೆದು ನೀನು ಯಾರೆಂದು ರುಜುವಾತು ಮಾಡೆಂದು ಕೇಳುವುದಿಲ್ಲ. ಮತ ಕೊಡುವ ಹೊತ್ತಿನಲ್ಲಿ ಬೆರಳಿಗೆ ಗುರುತು ಹಚ್ಚಿ, ಎರಡನೆಯ ಸಲ ಬಂದರೆ ಮಾತ್ರ ತಡೆಯುತ್ತದೆ. ಬಡವ ಬಲ್ಲಿದರೆಂಬ ಭೇದ ಅದಕ್ಕಿಲ್ಲ, ಅಕ್ಷರ ಬೇಕಾಗಿಲ್ಲ, ಅರ್ಜಿ ಬೇಕಾಗಿಲ್ಲ. ಬೇರೊಬ್ಬರ ಹೆಸರಿನಲ್ಲಿ ಮೊದಲ ಸಲವೇ ಬಂದವರನ್ನು ಅದು ಹಿಡಿಯಲಾರದು ಎಂಬುದೂ ಸತ್ಯ. ಆ ಕೆಲಸಕ್ಕೆ ಊರಿನವರನ್ನು ಗುರುತಿಸಬಲ್ಲ ಏಜೆಂಟರು ಮತಗಟ್ಟೆಯೊಳಗೆ ಕುಳಿತಿರುತ್ತಿದ್ದರು.

ಮತಗಟ್ಟೆಯನ್ನು ಜನರ ಬಳಿಗೆ ಒಯ್ಯುವುದು

ಹಿಮಾಚಲ ಪ್ರದೇಶದ ಚಿನಿ ಮತ್ತು ಪಾಂಗಿ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತದೆ. ದೇಶದ ಉಳಿದ ಭಾಗದೊಂದಿಗೆ ಮತದಾನ ನಡೆಸಿದರೆ ಅಲ್ಲಿನವರು ಮತ ಹಾಕಲಾಗುತ್ತಿರಲಿಲ್ಲ. ಆದ್ದರಿಂದ 1951ರ ಅಕ್ಟೋಬರ್ 25ರಂದೇ ಅಲ್ಲಿ ಮತದಾನ ಆರಂಭಿಸಲಾಯಿತು. ಭಾರತದ ಮೊದಲ ಮಹಾಚುನಾವಣೆಯ ಮೊದಲ ಮತಗಳು ಬಿದ್ದದ್ದು ಹಿಮಾಲಯದ ಈ ಹಳ್ಳಿಗಳಲ್ಲಿ. ಬೇರೆ ಕಡೆ ಮತದಾನ ಮುಗಿದದ್ದು 1952ರ ಫೆಬ್ರವರಿಯಲ್ಲಿ. ಹಳ್ಳ ದಾಟಲಾಗದ ಗುಡ್ಡಗಾಡು ಊರುಗಳಿಗೆ ತಾತ್ಕಾಲಿಕ ಸೇತುವೆಗಳನ್ನು ಕಟ್ಟಲಾಯಿತು. ದ್ವೀಪಗಳಿಗೆ ನೌಕಾಪಡೆಯ ಹಡಗುಗಳಲ್ಲಿ ಪಟ್ಟಿಗಳನ್ನು ಸಾಗಿಸಲಾಯಿತು. ಒಟ್ಟು 1,96,084 ಮತಗಟ್ಟೆಗಳ ಪೈಕಿ 27,527ನ್ನು ಮಹಿಳೆಯರಿಗಾಗಿಯೇ ಪ್ರತ್ಯೇಕವಾಗಿ ತೆರೆಯಲಾಗಿತ್ತು. ಹೆಸರು ಹೇಳದವರನ್ನು ಪಟ್ಟಿಯಿಂದ ತೆಗೆದ ಆಯೋಗವೇ, ಪಟ್ಟಿಯಲ್ಲಿ ಉಳಿದ ಮಹಿಳೆಯರು ಸಂಕೋಚವಿಲ್ಲದೆ ಬರಲೆಂದು ಈ ಏರ್ಪಾಡನ್ನೂ ಮಾಡಿತು. ಮತದಾನದ ವಿಧಾನವನ್ನು ತಿಳಿಸುವ ಚಲನಚಿತ್ರವನ್ನು 3,000ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ತೋರಿಸಲಾಯಿತು. ಬಂದೋಬಸ್ತಿಗೆ ಸುಮಾರು 2,24,000 ಪೊಲೀಸರನ್ನು ನಿಯೋಜಿಸಲಾಗಿತ್ತು.

ಕನ್ನಡ ಮಾತನಾಡುವ ಜನ ಆಗ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗು ಎಂಬ ಬೇರೆ ಬೇರೆ ರಾಜ್ಯಗಳಲ್ಲಿ ಹಂಚಿಹೋಗಿದ್ದರು. 99 ಸ್ಥಾನಗಳ ಮೈಸೂರು ವಿಧಾನಸಭೆಗೂ, 24 ಸ್ಥಾನಗಳ ಕೊಡಗು ವಿಧಾನಸಭೆಗೂ ಈ ಚುನಾವಣೆಯಲ್ಲಿಯೇ ಸದಸ್ಯರು ಆಯ್ಕೆಯಾದರು.

ಲೆಕ್ಕದ ಎರಡು ಬದಿಗಳು

ಚುನಾವಣೆಗೆ ತಗುಲಿದ ವೆಚ್ಚ ಸುಮಾರು 10 ಕೋಟಿ 45 ಲಕ್ಷ ರೂಪಾಯಿ. ಪಟ್ಟಿಯಲ್ಲಿದ್ದ ಒಬ್ಬ ಮತದಾರನಿಗೆ ಭಾಗಿಸಿದರೆ ಆಗಿನ ಹತ್ತಾಣೆಗಿಂತ ತುಸು ಕಡಿಮೆ. ಲೋಕಸಭೆಯ 489 ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ ಸುಮಾರು ಶೇಕಡಾ 45ರಷ್ಟು ಮತದಾನವಾಯಿತು. ಇಡೀ ದೇಶದಲ್ಲಿ ವರದಿಯಾದ ಚುನಾವಣಾ ಅಪರಾಧಗಳು 1,250. ಇವುಗಳಲ್ಲಿ ಬೇರೊಬ್ಬರ ಹೆಸರಿನಲ್ಲಿ ಮತ ಹಾಕಲು ಬಂದ ಪ್ರಕರಣಗಳು 817. ಮತಪತ್ರವನ್ನು ಹೊರಗೆ ಒಯ್ಯಲು ಯತ್ನಿಸಿದವು 106.

ಒಂದು ಬದಿಯಲ್ಲಿ 817, ಇನ್ನೊಂದು ಬದಿಯಲ್ಲಿ 28 ಲಕ್ಷ. ವಾಣಿಜ್ಯಶಾಸ್ತ್ರ ಓದಿದವರಿಗೆ ಇವೆರಡನ್ನೂ ಅಕ್ಕಪಕ್ಕ ಬರೆಯದೆ ಇರುವುದು ಕಷ್ಟ. ಆದರೆ ಹಾಗೆ ಬರೆದೊಡನೆ ಉತ್ತರ ಸಿಕ್ಕಿತೆಂದು ತಿಳಿಯಬಾರದು. ವರದಿಯಾದ ಪ್ರಕರಣಗಳು ನಡೆದ ಪ್ರಕರಣಗಳೆಲ್ಲವೂ ಅಲ್ಲ. ಸಿಕ್ಕಿಬೀಳದವರನ್ನು ಯಾರೂ ಎಣಿಸಲಿಲ್ಲ. ಹೆಸರಿಲ್ಲದ 28 ಲಕ್ಷ ಸಾಲುಗಳು ಪಟ್ಟಿಯಲ್ಲಿ ಉಳಿದಿದ್ದರೆ ಮೊದಲ ಸಂಖ್ಯೆಯು ಎಷ್ಟಾಗುತ್ತಿತ್ತೋ ಹೇಳಲಾಗದು. ಎರಡನೆಯ ಸಂಖ್ಯೆಯ ಬಗ್ಗೆ ಮಾತ್ರ ಯಾವ ಊಹೆಯೂ ಬೇಕಾಗಿಲ್ಲ. ಆ ಮಹಿಳೆಯರ ಹಕ್ಕು ಆ ಒಂದು ಚುನಾವಣೆಯ ಮಟ್ಟಿಗೆ ಖಂಡಿತವಾಗಿ ಹೋಯಿತು.

ಸುಡಾನ್ ಮತ್ತು ಎರಡನೆಯ ಮಹಾಚುನಾವಣೆ

ಭಾರತದ ಚುನಾವಣೆಯ ಯಶಸ್ಸನ್ನು ಗಮನಿಸಿ, 1953ರಲ್ಲಿ ಸುಡಾನ್ ದೇಶದ ಮೊದಲ ಸಂಸದೀಯ ಚುನಾವಣೆಗಾಗಿ ರಚಿಸಲಾದ ಅಂತರರಾಷ್ಟ್ರೀಯ ಆಯೋಗಕ್ಕೆ ಶ್ರೀ ಸೇನ್ ರವರನ್ನು ಅಧ್ಯಕ್ಷರನ್ನಾಗಿ ಆಹ್ವಾನಿಸಲಾಯಿತು. ಸುಡಾನ್, ಈಜಿಪ್ಟ್, ಬ್ರಿಟನ್ ಮತ್ತು ಅಮೆರಿಕದ ಪ್ರತಿನಿಧಿಗಳಿದ್ದ ಈ ಆಯೋಗದ ಮೇಲ್ವಿಚಾರಣೆಯಲ್ಲಿ ಆ ವರ್ಷದ ಕೊನೆಯಲ್ಲಿ ಅಲ್ಲಿ ಚುನಾವಣೆ ನಡೆಯಿತು. 1954ರಲ್ಲಿ ಪದ್ಮ ಪ್ರಶಸ್ತಿಗಳನ್ನು ಮೊದಲ ಬಾರಿಗೆ ನೀಡಿದಾಗ ಶ್ರೀ ಸೇನ್ ರವರಿಗೆ ಪದ್ಮಭೂಷಣ ಸಂದಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕನ್ನಡ ಪ್ರದೇಶಗಳು ವಿಶಾಲ ಮೈಸೂರು ರಾಜ್ಯದಲ್ಲಿ ಒಂದಾದವು. ನಾಲ್ಕೇ ತಿಂಗಳಲ್ಲಿ ಎರಡನೆಯ ಮಹಾಚುನಾವಣೆ ಬಂದಿತು. ಒಂದಾದ ನಾಡಿನ ಮೊದಲ ವಿಧಾನಸಭೆಯ 208 ಸ್ಥಾನಗಳಿಗೆ 1957ರಲ್ಲಿ ಚುನಾವಣೆ ನಡೆದದ್ದು ಶ್ರೀ ಸೇನ್ ರವರ ಅಧೀನದಲ್ಲಿಯೇ.

ಈ ಎರಡನೆಯ ಚುನಾವಣೆಯಲ್ಲಿ ಮತದಾರರ ಸಂಖ್ಯೆ 19 ಕೋಟಿ 36 ಲಕ್ಷಕ್ಕೆ ಏರಿದರೂ ವೆಚ್ಚ ಸುಮಾರು 5 ಕೋಟಿ 90 ಲಕ್ಷ ರೂಪಾಯಿಗೆ ಇಳಿಯಿತು, ಒಬ್ಬ ಮತದಾರನಿಗೆ ಐದಾಣೆಗೂ ಕಡಿಮೆ. ಮೊದಲ ಚುನಾವಣೆ ಮುಗಿದ ಮೇಲೆ ಶ್ರೀ ಸೇನ್ ರವರು ಮತಪೆಟ್ಟಿಗೆಗಳನ್ನು ಗುಜರಿಗೆ ಹಾಕದೆ ಜೋಪಾನವಾಗಿ ಇಡಿಸಿದ್ದೂ ಈ ಉಳಿತಾಯಕ್ಕೆ ಒಂದು ಮುಖ್ಯ ಕಾರಣ. ಹೊಸದಾಗಿ ಸುಮಾರು 5 ಲಕ್ಷ ಪೆಟ್ಟಿಗೆಗಳು ಮಾತ್ರ ಬೇಕಾದವು. ಉಗ್ರಾಣದ ದಾಸ್ತಾನು ಪುಸ್ತಕ ನೋಡಿಕೊಂಡ ಅನುಭವವಿರುವ ಯಾವುದೇ ನೌಕರರಿಗೆ, ಐದು ವರ್ಷ ಲಕ್ಷಾಂತರ ಪೆಟ್ಟಿಗೆಗಳನ್ನು ಕೆಡದಂತೆ ಇಡಿಸುವುದು ಚುನಾವಣೆ ನಡೆಸಿದಷ್ಟೇ ದೊಡ್ಡ ಕೆಲಸವೆಂದು ತೋರಿದರೆ ಆಶ್ಚರ್ಯವಿಲ್ಲ.

ಮಹಿಳೆಯರ ಹೆಸರುಗಳ ವಿಷಯದಲ್ಲಿ ಈ ಬಾರಿ ಮೊದಲಿನಿಂದಲೇ ಎಚ್ಚರ ವಹಿಸಲಾಗಿತ್ತು. ಹಿಂದೆ ಬಿಟ್ಟುಹೋದವರನ್ನು ಸ್ವಂತ ಹೆಸರಿನಿಂದ ಸೇರಿಸಲು ವಿಶೇಷ ಪ್ರಯತ್ನ ನಡೆದು, ಲೋಪವು ದೊಡ್ಡ ಪ್ರಮಾಣದಲ್ಲಿ ಸರಿಹೋಯಿತು. ಶ್ರೀ ಸೇನ್ ರವರ ನಿರೀಕ್ಷೆ ಹುಸಿಯಾಗಲಿಲ್ಲ ಎಂದು ಇದನ್ನು ಓದಬಹುದು. ರೂಢಿ ತಾನಾಗಿ ಮಾಯವಾಗಲಿಲ್ಲ, ಆಡಳಿತವು ಮತ್ತೆ ಮನೆಬಾಗಿಲಿಗೆ ಹೋಗಬೇಕಾಯಿತು ಎಂದೂ ಓದಬಹುದು.

ಅದೇ 1957ರಲ್ಲಿ ಬಿಹಾರದ ಬೇಗುಸರಾಯ್ ಭಾಗದ ರಚಿಯಾಹಿ ಎಂಬಲ್ಲಿ ಗುಂಪೊಂದು ಮತದಾರರನ್ನು ದಾರಿಯಲ್ಲಿಯೇ ತಡೆದು ಮತಗಟ್ಟೆಯನ್ನು ವಶಪಡಿಸಿಕೊಂಡಿತು. ದೇಶದ ಮೊದಲ ಮತಗಟ್ಟೆ ವಶ ಪ್ರಕರಣ ಇದೇ ಎಂದು ಹೇಳಲಾಗುತ್ತದೆ. ಪಟ್ಟಿ ಶುದ್ಧವಾಗಿದ್ದರೂ, ಸೀಸೆಯಲ್ಲಿ ಶಾಯಿ ತುಂಬಿದ್ದರೂ, ಇಂತಹ ಬಲಪ್ರಯೋಗದ ಮುಂದೆ ಅವು ನಿಷ್ಪ್ರಯೋಜಕ.

ಕೊನೆಯ ವರ್ಷಗಳು

1958ರ ಡಿಸೆಂಬರ್‌ನಲ್ಲಿ ಶ್ರೀ ಸೇನ್ ರವರು ಎಂಟು ವರ್ಷಕ್ಕೂ ಹೆಚ್ಚಿನ ಸೇವೆಯ ನಂತರ ಹುದ್ದೆಯಿಂದ ನಿರ್ಗಮಿಸಿದರು. ಶ್ರೀ ಕೆ.ವಿ.ಕೆ. ಸುಂದರಂ ರವರು ಅವರ ಸ್ಥಾನಕ್ಕೆ ಬಂದರು. 1960ರಲ್ಲಿ ಸ್ಥಾಪನೆಯಾದ ಬರ್ದ್ವಾನ್ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಶ್ರೀ ಸೇನ್ ರವರು ಕಾರ್ಯ ನಿರ್ವಹಿಸಿದರು. ಆ ದಶಕದ ಮೊದಲ ವರ್ಷಗಳಲ್ಲಿಯೇ ಅವರು ನಿಧನರಾದರು. ಆತ್ಮಕಥೆಯನ್ನು ಅವರು ಬರೆಯಲಿಲ್ಲ. ಮೊದಲ ಮಹಾಚುನಾವಣೆಯ ಬಗ್ಗೆ ಆಯೋಗವು 1955ರಲ್ಲಿ ಪ್ರಕಟಿಸಿದ ವರದಿಯೇ ಅವರ ಕೆಲಸಕ್ಕೆ ಮುಖ್ಯ ದಾಖಲೆ. ಪಟ್ಟಿಯಿಂದ ಹೊರಬಿದ್ದ ಮಹಿಳೆಯರ ಸಂಖ್ಯೆಯು ಇಂದು ನಮಗೆ ತಿಳಿದಿರುವುದು ಆ ವರದಿಯಿಂದ. ಅದನ್ನು ಮುಚ್ಚಿಡದೆ ಬರೆಸಿದವರು ಸ್ವತಃ ಶ್ರೀ ಸೇನ್ ರವರೇ.

ಅರ್ಜಿದಾರರ ಗಮನಕ್ಕೆ

ಹೊಸದಾಗಿ ಹೆಸರು ಸೇರಿಸಲು ನಮೂನೆ-6ನ್ನು, ಹೆಸರಿನ ಕಾಗುಣಿತ, ವಿಳಾಸ ಅಥವಾ ಇತರ ವಿವರಗಳ ತಿದ್ದುಪಡಿಗೆ ನಮೂನೆ-8ನ್ನು, ಬೇರೊಬ್ಬರ ಹೆಸರಿನ ಬಗ್ಗೆ ಆಕ್ಷೇಪಣೆಯಿದ್ದಲ್ಲಿ ನಮೂನೆ-7ನ್ನು ಸಲ್ಲಿಸತಕ್ಕದ್ದು. ಆಕ್ಷೇಪಣೆ ಬಂದ ಮಾತ್ರಕ್ಕೆ ಯಾರ ಹೆಸರನ್ನೂ ತೆಗೆಯಲಾಗುವುದಿಲ್ಲ. 1950ರ ಅಧಿನಿಯಮದ 22ನೇ ಪ್ರಕರಣದಂತೆ, ಒಬ್ಬರು ಆ ಕ್ಷೇತ್ರದಲ್ಲಿ ವಾಸವಿಲ್ಲವೆಂಬ ಅಥವಾ ಅರ್ಹರಲ್ಲವೆಂಬ ಕಾರಣದಿಂದ ಹೆಸರು ತೆಗೆಯುವ ಮುನ್ನ ಅವರ ಅಹವಾಲನ್ನು ಕೇಳುವುದು ಕಡ್ಡಾಯ. ಮನೆಯಲ್ಲಿರುವ ಹಿರಿಯ ಮಹಿಳೆಯರ ಹೆಸರು ಪಟ್ಟಿಯಲ್ಲಿ ಅವರ ಸ್ವಂತ ಹೆಸರಾಗಿಯೇ, ಅವರು ಹೇಳುವ ರೀತಿಯಲ್ಲಿಯೇ ನಮೂದಾಗಿದೆಯೇ ಎಂಬುದನ್ನು ಕರಡು ಪಟ್ಟಿ ಪ್ರಕಟವಾದಾಗ ದಯವಿಟ್ಟು ಪರಿಶೀಲಿಸಿಕೊಳ್ಳುವುದು. ವ್ಯತ್ಯಾಸ ಕಂಡಲ್ಲಿ ತಮ್ಮ ಭಾಗದ ಮತಗಟ್ಟೆ ಮಟ್ಟದ ಅಧಿಕಾರಿಯವರನ್ನು ಅಥವಾ ಮತದಾರರ ನೋಂದಣಾಧಿಕಾರಿಯವರ ಕಚೇರಿಯನ್ನು ಸಂಪರ್ಕಿಸಬಹುದು.